ಕರಡಿಯೋರ ವೀಳ್ಯ

ನಮ್ಮ ಭಾವ ಕದರಪ್ಪನವರು ಕರಡಿಯೆಂದು ಸಾಬೀತುಪಡಿಸುವ ಜವಾಬ್ದಾರಿ ಹೋದ ಬೇಸಿಗೆಯಲ್ಲಿ ನನ್ನ ಹೆಗಲಿಗೆ ಬಿತ್ತು. ನಾನು ರೇಣುಕಯ್ಯ, ಮಧುಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಚರಿತ್ರೆ ಪಾಠ ಮಾಡುತ್ತಿದ್ದೇನೆ. ಯಾವ ರಾಜವಂಶ ಯಾವಾಗ ಹುಟ್ಟಿತು, ಯಾವಾಗ ಅಳಿಯಿತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಅಳಿದುಹೋದ ವಂಶವೊಂದರ ಯಜಮಾನರು ಬೆಳಿಗ್ಗೆ ಏಳು ಗಂಟೆಗೆ ಮನೆ ಬಾಗಿಲಿಗೆ ಬಂದು, ಎರಡು ಲೋಟ ಕಾಫಿ ಕುಡಿದು, "ನಾನು ಇದೀನಿ ಅಂತ ಒಂದು ಕಾಗದ ಬರ್ದುಕೊಡು ಕಣ್ಲಾ" ಎಂದು ಪಟ್ಟು ಹಿಡಿದು ಕೂತದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು.

ವಿಷಯ ಇಷ್ಟು. ನಮ್ಮ ಜನರಲ್ಲಿ ಬೆಡಗು ಎಂಬುದೊಂದಿದೆ. ಒಂದೊಂದು ಬೆಡಗಿಗೆ ಒಂದು ಪ್ರಾಣಿಯದೋ ಮರದ್ದೋ ಹೆಸರು. ಆನೆಯೋರು, ನವಿಲೋರು, ಉಡದೋರು, ಬೇವಿನೋರು, ಹೀಗೆ. ಒಂದೇ ಬೆಡಗಿನವರೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಳಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಮದುವೆಯ ದಿನ ಧಾರೆ ಮುಗಿದು ಊಟಕ್ಕೆ ಏಳುವ ಮೊದಲು ಯಜಮಾನರು ಒಂದೊಂದೇ ಬೆಡಗಿನ ಹೆಸರು ಕೂಗುತ್ತಾರೆ. ಆ ಬೆಡಗಿನ ಹಿರಿಯ ಎದ್ದು ಹೋಗಿ ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡು ಬಂದು ಕೂರುತ್ತಾನೆ. ವೀಳ್ಯ ಕೂಗುವುದು ಎಂದರೆ ಇದೇ. ಎರಡು ಎಲೆ, ಒಂದು ಅಡಿಕೆ ಸಂತೆಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತುವುದಿಲ್ಲ. ಮದುವೆಯಲ್ಲಿ ತಪ್ಪಿದರೆ ಎರಡು ತಲೆಮಾರು ಮಾತು ಬಿಡುತ್ತಾರೆ. ನಾವು ನವಿಲೋರು. ನಮ್ಮದು ಎರಡನೆಯ ವೀಳ್ಯ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮಾಹಿತಿಗಾಗಿ ಹೇಳುತ್ತಿದ್ದೇನೆ.

ಹಿಂದೆ ಹತ್ತೊಂಬತ್ತು ಬೆಡಗು ಇದ್ದವಂತೆ. ಈಗ ಕೂಗುವುದು ಹದಿನೆಂಟು. ಹತ್ತೊಂಬತ್ತನೆಯದು ಕರಡಿ. ಕರಡಿಯೋರು ಯಾರೂ ಉಳಿದಿಲ್ಲವೆಂದು ಬಹಳ ಹಿಂದೆಯೇ ತೀರ್ಮಾನವಾಗಿ ಆ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು. ನಮ್ಮ ಭಾವ ಮಾತ್ರ ಮನೆಯೊಳಗೆ ತಾನು ಕರಡಿ ಎನ್ನುತ್ತಿದ್ದರು. ಮನೆಯ ಹೊರಗೆ, ಅವರ ಅಜ್ಜನ ಕಾಲದಿಂದಲೂ, ಆನೆಯೋರ ಸಾಲಿನ ಹಿಂದೆ ಕೂತು ಆನೆಯೋರು ತಂದ ಎಲೆಯಲ್ಲೇ ಒಂದು ಚೂರು ಹರಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಅಕ್ಕ ವೇದಾವತಿಯನ್ನು ಅವರಿಗೆ ಕೊಡುವಾಗ ನಮ್ಮಪ್ಪ ಬೆಡಗು ಯಾವುದೆಂದು ಕೇಳಿದ್ದಕ್ಕೆ, "ಆನೆ ಅಂತ್ಲೇ ಅನ್ಕೊಳ್ಳಿ" ಎಂದಿದ್ದರಂತೆ. ನವಿಲಿಗೆ ಆನೆಯಾದರೂ ಆಗುತ್ತದೆ, ಕರಡಿಯಾದರೂ ಆಗುತ್ತದೆ. ಮದುವೆ ನಡೆದುಹೋಯಿತು.

ತೊಡಕು ಬಂದದ್ದು ಮಗಳ ಕಾಲಕ್ಕೆ. ಮಗಳು ರಕ್ಷಾ ಕೊರಟಗೆರೆಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಫೋನಿನಲ್ಲಿ ಒಂದು ಆಟ ಆಡುತ್ತಾಳೆ. ಅದರಲ್ಲೊಂದು ಕಟ್ಟುಕಥೆಯ ದೇಶ. ಕೋಟೆ, ಕತ್ತಿ, ಮಂತ್ರ, ರೆಕ್ಕೆಯ ಜನ, ಬಾಲದ ಜನ. ಬೇರೆ ಬೇರೆ ಊರಿನ ಹದಿಮೂರು ಮಂದಿ ತಂಡ ಕಟ್ಟಿಕೊಂಡು ಆ ದೇಶದಲ್ಲಿ ಅಲೆಯುತ್ತಾರೆ. ಆ ತಂಡದಲ್ಲೊಬ್ಬ ಚೇತನ್ ಕುಮಾರ್, ಪಾವಗಡದ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಆಟದೊಳಗೆ ಎರಡು ವರ್ಷ ಒಬ್ಬರ ಪ್ರಾಣ ಒಬ್ಬರು ಉಳಿಸಿದ ಮೇಲೆ ಇಬ್ಬರೂ ಗೊರವನಹಳ್ಳಿ ದೇವಸ್ಥಾನದಲ್ಲಿ ಮುಖ ನೋಡಿಕೊಂಡರು. ವಿಚಾರಿಸಿದರೆ ನಮ್ಮ ಜನವೇ. ನಮ್ಮಕ್ಕ ಆ ಸಂತೋಷಕ್ಕೆ ಐದು ಕಾಯಿ ಒಡೆದಳು.

ಮಾತುಕತೆಗೆ ಪಾವಗಡಕ್ಕೆ ಹೋದೆವು. ಚೇತನನ ಮನೆಯಲ್ಲಿ ಅವನ ಅಪ್ಪನ ತಾಯಿ ಚಿಕ್ಕಹನುಮಕ್ಕನವರ ಮಾತೇ ಗೆಜೆಟ್ಟು. ಎಂಬತ್ತೆರಡು ವರ್ಷ, ಕೈಯಲ್ಲಿ ಕೋಲು, ಬಾಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚಿಕೊಂಡು, ಭಾವನ ಕಡೆಗೆ ತಿರುಗಿದರು.

"ಏ ಬೆಡಗಪ್ಪಾ ನಿಮ್ದು?"

"ಕರಡಿ ಕಣಮ್ಮ," ಎಂದರು ಭಾವ, ಎದೆ ಮುಂದೆ ಮಾಡಿ.

ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಕರಡೋಳ್ಳು ಎವರೂ ಲೇರು. ಯಾರೂ ಇಲ್ಲ. ಎಲ್ಲಾ ಹೋಗ್ಬುಟ್ರು."

"ನಾನು ಇದೀನಲ್ಲಮ್ಮ. ಇಲ್ಲೇ ನಿಮ್ಮ ಕಣ್ಮುಂದೆ ಕೂತಿವ್ನಿ."

"ವೀಳ್ಯ ಯಾರ ಜತೀಗೆ ತಗಂತೀಯ?"

"ಆನೆಯೋರ ಹಿಂದೆ," ಎಂದರು ಭಾವ. ಎದೆ ಸ್ವಲ್ಪ ಹಿಂದೆ ಹೋಯಿತು.

"ಮೇಮೂ ಆನೆಯೋಳ್ಳೇ. ನಾವೂ ಆನೆ. ಆನೆ ವೀಳ್ಯ ತಿಂದೋನು ಆನೆ. ಹಂಗಾದ್ರೆ ನಿನ್ನ ಕೂತುರು ನಮ್ಮ ಹುಡುಗುನ್ಗೆ ತಂಗಿ ಆಯ್ತಾಳೆ. ತಂಗೀನ ತಂದ್ಕೊಂತಾರೇನಪ್ಪಾ?"

ಚೇತನ್ ಕುಮಾರ್ ಬಾಯಿ ತೆರೆದ. ಅಜ್ಜಿ ಕೋಲನ್ನು ಒಂದು ಸಲ ನೆಲಕ್ಕೆ ಕುಟ್ಟಿದರು. ಅವನು ಬಾಯಿ ಮುಚ್ಚಿದ. ಕೊನೆಗೆ ಅಜ್ಜಿಯೇ ಒಂದು ದಾರಿ ಬಿಟ್ಟರು. ಬರುವ ತಿಂಗಳು ಶಿರಾದಲ್ಲಿ ಎರಡೂ ಕಡೆಯವರಿಗೆ ಬೇಕಾದ ಮೋಹನ್ ಕುಮಾರನ ಮದುವೆ. ವೀಳ್ಯ ಕೂಗುವವರು ಯಜಮಾನ ದೊಡ್ಡರಂಗಪ್ಪ. ಅಲ್ಲಿ ಎಲ್ಲರ ಮುಂದೆ ಕರಡಿ ಎಂದು ಕೂಗಿಸಬೇಕು. ಭಾವನ ಜೊತೆಗೆ ಇನ್ನೂ ಎರಡು ಮನೆಯವರು ಎದ್ದು ನಿಲ್ಲಬೇಕು. "ಒಬ್ಬನೇ ನಿಂತ್ರೆ ಅದು ಬೆಡಗಲ್ಲ. ನಿಂತ್ರೆ ಪೆಂಡ್ಲಿ, ಮದ್ವೆ. ಇಲ್ದಿದ್ರೆ ಲೇದು," ಎಂದು ಅಜ್ಜಿ ಎದ್ದು ಒಳಗೆ ಹೋದರು.

ವಾಪಸ್ಸು ಬರುವ ಬಸ್ಸಿನಲ್ಲಿ ರಕ್ಷಾ ಮಧುಗಿರಿ ಬರುವ ತನಕ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಲಿಲ್ಲ. ಭಾವ ಮಾತ್ರ ಕಂಡಕ್ಟರಿಗೆ, ಪಕ್ಕದ ಸೀಟಿನವನಿಗೆ, ಹಿಂದಿನ ಸೀಟಿನ ಕೋಳಿ ಬುಟ್ಟಿಯವಳಿಗೆ, "ನಾನು ಇಲ್ಲವಂತೆ ಕಣ್ರೀ" ಎಂದು ಹೇಳುತ್ತಲೇ ಇದ್ದರು.

ಆ ಭಾನುವಾರ ನಾನು ಅವರೂರು ಬಂಡೇಪಾಳ್ಯಕ್ಕೆ ಹೋದೆ. ರಕ್ಷಾ ಜಗುಲಿಯ ಮೇಲೆ ಫೋನು ಹಿಡಿದು ಅಮ್ಮನಿಗೆ ಏನೋ ಓದಿ ಹೇಳುತ್ತಿದ್ದಳು. ಅವಳ ತಂಡಕ್ಕೆ ಆಟದಲ್ಲಿ ಒಂದು ಹೊಸ ಕೆಲಸ ಬಂದಿತ್ತು. ಆ ದೇಶದಲ್ಲಿ ಹಿಂದೆ ಹೋರ್ಬಾ ಎಂಬ ಜನ ಇದ್ದರಂತೆ. ಮೈಕಟ್ಟು ಮನುಷ್ಯರದು, ಮುಖ ಮತ್ತು ರೋಮ ಕರಡಿಯದು. ದೊಡ್ಡ ಬಂಡೆಗಳ ನಡುವೆ ಊರು ಕಟ್ಟಿದ್ದರು. ಬಂದವರಿಗೆ ಮೊದಲು ನೀರು ಕೊಡುತ್ತಿದ್ದರು. ಮಾತು ಬಹಳ ಕಡಿಮೆ. ಒಂದು ದಿನ ಎಲ್ಲರೂ ಕಾಣೆಯಾದರು. ಖಾಲಿ ಮನೆಗಳು ಉಳಿದಿವೆ, ಯಾಕೆ ಹೋದರೆಂದು ಯಾರಿಗೂ ತಿಳಿಯದು, ಅದನ್ನು ಕಂಡುಹಿಡಿಯಬೇಕು.

ಒಳಗಿನಿಂದ ಭಾವ ಟವೆಲ್ಲಿನಲ್ಲೇ ಹೊರಗೆ ಬಂದರು. "ಇನ್ನೊಂದ್ಸಲ ಓದಮ್ಮ," ಎಂದರು. ಅವಳು ಓದಿದಳು. ಅವರು ಬೆರಳು ಮಡಚುತ್ತಾ ಹೋದರು. ಬಂಡೆ ಎಂದಾಗ ಎದುರಿಗಿದ್ದ ಬಂಡೆ ನೋಡಿದರು. ರೋಮ ಎಂದಾಗ ತೋಳು ನೋಡಿಕೊಂಡರು, ಅದರಲ್ಲೇನೂ ಕೊರತೆಯಿಲ್ಲ. ನೀರು ಎಂದಾಗ ಕಣ್ಣು ತೇವವಾಯಿತು, ಯಾಕೆಂದರೆ ಅವರು ಬಂಡೇಪಾಳ್ಯ ಪಂಚಾಯಿತಿಯ ವಾಟರ್‌ಮನ್. ಮಾತು ಬಹಳ ಕಡಿಮೆ ಎಂಬುದೊಂದು ತಾಳೆಯಾಗಲಿಲ್ಲ. ಅದನ್ನು ಅವರು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

"ಇದು ನಾವೇ ಕಣ್ಲಾ ರೇಣುಕ," ಎಂದರು. "ದಾಖಲೆ ಐತೆ ನೋಡು."

"ಅಪ್ಪ, ಇದು ಆಟ. ಯಾರೋ ಕೂತು ಕಟ್ಟಿರೋ ಕಥೆ," ಎಂದಳು ರಕ್ಷಾ.

"ಆಟ ಅಂದ್ರೆ ಸುಳ್ಳಾ? ಇದೇ ಫೋನಾಗೆ ಕ್ರಿಕೆಟ್ ಆಟ ಐತಲ್ಲ. ಅದ್ರಾಗಿರೋ ಪ್ಲೇಯರ್‌ಗಳು ನಿಜ್ವಾಗ್ಲೂ ಇಲ್ವಾ? ಟೀವೀಲಿ ಬರಲ್ವಾ? ಅವ್ರಿದ್ರೆ ಇವ್ರೂ ಇದ್ರು. ಇರೋರ್ನ ಬುಟ್ಟು ಇಲ್ದೋರ್ನ ತಗಂಡು ಯಾರಾದ್ರೂ ಆಟ ಮಾಡ್ತಾರಾ?"

ರಕ್ಷಾ ನನ್ನ ಮುಖ ನೋಡಿದಳು. ನಾನು ಬಂಡೆ ನೋಡಿದೆ. ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇಂಥ ಪ್ರಶ್ನೆ ಕೇಳಿಲ್ಲ. ಕೇಳಿದ್ದರೆ ಆಗಲೇ ಸ್ವಯಂನಿವೃತ್ತಿ ತೆಗೆದುಕೊಳ್ಳುತ್ತಿದ್ದೆ.

ಮಾರನೆಯ ದಿನ ಭಾವ ಕೊರಟಗೆರೆಗೆ ಹೋಗಿ ಫೋನಿನಲ್ಲಿದ್ದ ಹೋರ್ಬಾ ಯಜಮಾನನ ಚಿತ್ರವನ್ನು ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ತಂದರು. ನಡುಮನೆಯಲ್ಲಿ ತಮ್ಮ ತಂದೆಯ ಫೋಟೋ ಪಕ್ಕಕ್ಕೆ ಮೊಳೆ ಹೊಡೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದರು. ಈ ಸಡಗರದಲ್ಲಿ ನೀರಿನ ವಾಲ್ವ್ ತಿರುಗಿಸುವುದು ಮರೆತುಹೋಯಿತು. ಒಂಬತ್ತು ಗಂಟೆಗೆ ಪಕ್ಕದ ಬೀದಿಯ ಸಣ್ಣಕ್ಕ ಹತ್ತು ಹೆಂಗಸರ ಮುಂದಾಳಾಗಿ ಖಾಲಿ ಕೊಡ ಹಿಡಿದು ಬಂದಳು.

"ಏನಣ್ಣ, ಇವತ್ತು ನೀರು ಬುಡಲ್ವಾ?"

"ಬುಡ್ತೀನಿ ಕಣಮ್ಮ. ನಮ್ಮ ಮುತ್ತಾತಂದ್ರು ಫೋಟೋ ಬಂದೈತೆ. ಮೊದ್ಲು ನೋಡ್ಬಾ ಒಳೀಕೆ."

ಸಣ್ಣಕ್ಕ ಒಳಗೆ ಬಂದು ಚಿತ್ರವನ್ನೂ ಭಾವನನ್ನೂ ಒಂದಾದ ಮೇಲೊಂದು ನೋಡಿದಳು. ಚಿತ್ರದಲ್ಲಿದ್ದವನಿಗೆ ಸೊಂಟಕ್ಕೊಂದು ಚರ್ಮ, ಕೈಯಲ್ಲೊಂದು ಗದೆ, ಕಿವಿಯಲ್ಲೊಂದು ಬಳೆ.

"ನಿಮ್ಮಪ್ಪನ ಕಡೆಯೋರಾ?"

"ಹೂಂ."

"ಕಿವಿ ಥೇಟು ನಿಂಗೇ ಬಂದೈತೆ. ಈಗ ನೀರು ಬುಡಣ್ಣ," ಎಂದು ಕೊಡ ಕಂಕುಳಿಗೆ ಇಟ್ಟುಕೊಂಡಳು.

ಕಿವಿಯ ವಿಷಯ ಸಣ್ಣಕ್ಕನೇ ಒಪ್ಪಿದ ಮೇಲೆ ಭಾವನನ್ನು ಹಿಡಿಯುವವರೇ ಇಲ್ಲವಾದರು. ಲ್ಯಾಮಿನೇಷನ್ನನ್ನು ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ವಂಶವೃಕ್ಷದ ಪ್ರಮಾಣಪತ್ರಕ್ಕೆಂದು ಒಂದು ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತರು ಬಹಳ ಸಾವಧಾನದ ಮನುಷ್ಯ. ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು.

"ಮೂಲಪುರುಷ ಇವರೇನಾ?"

"ಹೂಂ ಸಾರ್."

"ಮರಣ ಪ್ರಮಾಣಪತ್ರ ಬೇಕಾಗುತ್ತೆ."

"ಸತ್ತಿಲ್ಲ ಸಾರ್. ಕಾಣೆಯಾಗವ್ರೆ. ಇಡೀ ಊರೇ ಕಾಣೆಯಾಗೈತೆ."

"ಕಾಣೆಯಾದ್ರೆ ನಮ್ಮ ಕಡೆ ಬರೋದಿಲ್ಲ. ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟು ಏಳು ವರ್ಷ ಕಾಯಬೇಕು. ಆಮೇಲೆ ಬನ್ನಿ. ಬರುವಾಗ ಒಬ್ಬೊಬ್ಬರದೂ ಎರಡೆರಡು ಫೋಟೋ ತನ್ನಿ, ಇಷ್ಟು ದೊಡ್ಡದು ಬೇಡ."

ನಾನು ಕಾಲು ಹಿಡಿಯುವುದೊಂದು ಬಾಕಿ; ಭಾವ ಕೇಳಲಿಲ್ಲ. ನೇರವಾಗಿ ಪೊಲೀಸ್ ಸ್ಟೇಷನ್ನಿಗೆ ನಡೆದರು. ಪೇದೆ ಹೊಸ ಹುಡುಗ, ಫಾರಂ ತುಂಬುವುದರಲ್ಲಿ ಶ್ರದ್ಧೆಯಿದ್ದವನು.

"ಕೊನೆಯದಾಗಿ ನೋಡಿದಾಗ ಯಾವ ಬಟ್ಟೆ ಹಾಕಿದ್ರು?"

ಭಾವ ಲ್ಯಾಮಿನೇಷನ್ ತೆಗೆದು ತೋರಿಸಿದರು. ಪೇದೆ 'ಚರ್ಮ' ಎಂದು ಬರೆದುಕೊಂಡ. 'ಗುರುತಿನ ಚಿಹ್ನೆ' ಎಂಬಲ್ಲಿಗೆ ಬಂದಾಗ ಪೆನ್ನು ಎತ್ತಿ ಚಿತ್ರವನ್ನು ಬಹಳ ಹೊತ್ತು ನೋಡಿದ. ಎಲ್ಲಿಂದ ಶುರುಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಫಾರಂ ಮಡಚಿ, "ಯಜಮಾನ್ರೇ, ಬಿಸಿಲು ಜಾಸ್ತಿ ಇದೆ. ಮಜ್ಜಿಗೆ ಕುಡ್ದು ಮನೆಗೋಗಿ," ಎಂದ. ನಾವು ಮಜ್ಜಿಗೆ ಕುಡಿದೆವು.

ಭಾವನ ಕಾಟ ತಾಳಲಾರದೆ ಕೊನೆಗೆ ನಾನೇ ಒಂದು ಕಾಗದ ಬರೆದುಕೊಟ್ಟೆ: 'ಶ್ರೀ ಕದರಪ್ಪನವರು ತಾವು ಕರಡಿ ಬೆಡಗಿನವರೆಂದು ನಂಬಿರುತ್ತಾರೆ ಎಂದು ನಂಬಲು ಸಾಕಷ್ಟು ಕಾರಣಗಳಿರುತ್ತವೆ.' ಚರಿತ್ರೆಯ ಮೇಷ್ಟ್ರು ಇದಕ್ಕಿಂತ ಮುಂದೆ ಹೋಗುವಂತಿಲ್ಲ. ಭಾವ ಅದನ್ನೂ ಲ್ಯಾಮಿನೇಷನ್ ಮಾಡಿಸಿದರು.

ಎರಡೂ ಲ್ಯಾಮಿನೇಷನ್ ಹಿಡಿದು ಶಿರಾಕ್ಕೆ ಹೋಗಿ ಯಜಮಾನ ದೊಡ್ಡರಂಗಪ್ಪನವರ ಮುಂದೆ ನಿಂತೆವು. ಅವರದು ಕಡಲೆಕಾಯಿ ಮಂಡಿ. ಮೂಟೆಗಳ ನಡುವೆ ಕೂತು ಒಂದೊಂದೇ ಕಾಯಿ ಸುಲಿಯುತ್ತಾ ನಮ್ಮ ಮಾತು ಕೇಳಿದರು. ಚಿತ್ರ ನೋಡಿ ನಗಲಿಲ್ಲ. ಅದು ಅವರ ದೊಡ್ಡತನ.

"ಕೂಗಕ್ಕೇನಪ್ಪ, ಕೂಗ್ತೀನಿ. ನನ್ನ ಗಂಟಲು ಸವೆಯಲ್ಲ. ಆದ್ರೆ ಒಂದೇ ಸಲ. ಹೆಸರು ಕೂಗಿ ಯಾರೂ ಏಳ್ದಿದ್ರೆ ಅದು ಸಭೆಗೆ ಅವಮಾನ. ಆಮೇಲೆ ನೀನೂ ಕೇಳ್ಬ್ಯಾಡ, ನಿನ್ನ ಮೊಮ್ಮಕ್ಕಳೂ ಕೇಳ್ಬಾರ್ದು. ಇನ್ನೆರಡು ಮನೆಯೋರು ಯಾರು?"

"ಹುಡುಕ್ತಾ ಇದೀನಿ," ಎಂದರು ಭಾವ.

ಹುಡುಕಿದ್ದು ನಿಜ. ಮಧುಗಿರಿ, ಶಿರಾ, ಪಾವಗಡ ಮೂರೂ ಕಡೆ ಗುರುತಿದ್ದವರನ್ನೆಲ್ಲ ಕೇಳಿದರು. ಯಾರನ್ನು ಕೇಳಿದರೂ "ಇಲ್ಲಪ್ಪ, ನಾವು ಉಡ", "ಇಲ್ಲಪ್ಪ, ನಾವು ಬೇವು" ಎಂಬ ಉತ್ತರ. ಕೆಲವರು ಉತ್ತರ ಕೊಟ್ಟು ಬೇಗ ಎದ್ದುಹೋಗುತ್ತಿದ್ದರು. ಮದುವೆಗೆ ಒಂದು ವಾರ ಉಳಿದಾಗ ರಕ್ಷಾ ಊಟ ಬಿಟ್ಟಳು. ಅಕ್ಕ ಫೋನು ಮಾಡಿ ನನ್ನ ಹತ್ತಿರ ಅತ್ತಳು.

ಆಗ ಭಾವ ಮಾಡಿದ ಕೆಲಸ ನಮಗ್ಯಾರಿಗೂ ತಿಳಿಯಲಿಲ್ಲ; ರಕ್ಷಾ, ಚೇತನ್ ಇಬ್ಬರೂ ಆಗ ಆಟದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ರಕ್ಷಾ ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದು, ಆಟದ ತಂಡದ ಗುಂಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಭಾಷಣ ಮಾಡಿದ್ದರು. "ಹೋರ್ಬಾ ಬಂಧುಗಳೇ, ನಾನು ಬಂಡೇಪಾಳ್ಯದ ಕದರಪ್ಪ. ನೀವು ಎಲ್ಲೆಲ್ಲಿ ಇದೀರೋ ನಂಗೊತ್ತಿಲ್ಲ. ಬರೋ ಗುರುವಾರ ಶಿರಾದಾಗೆ ಮೋಹನ್ ಕುಮಾರನ ಮದ್ವೆ. ಅಲ್ಲಿ ನಮ್ಮ ಹೆಸ್ರು ಕೂಗ್ತಾರೆ. ಕೂಗ್ದಾಗ ಎದ್ದು ನಿಲ್ಲಿ ಸಾಕು. ಊಟ ಐತೆ." ಕೊನೆಗೆ ಮದುವೆ ಮಂಟಪದ ವಿಳಾಸವನ್ನೂ ಹೇಳಿದ್ದರು.

ಗುರುವಾರ ಧಾರೆ ಮುಗಿಯಿತು. ಮಂಟಪದ ತುಂಬ ಜನ. ಮುಂದೆ ಆನೆಯೋರು, ಅವರ ಪಕ್ಕದಲ್ಲಿ ನವಿಲೋರು ನಾವು. ಹೆಂಗಸರ ಕಡೆ ಚಿಕ್ಕಹನುಮಕ್ಕನವರು ಕೋಲು ಊರಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಚೇತನ್ ಮದುವೆಗೆ ಬರಲು 'ಬಿಡುವಿಲ್ಲ' ಎಂದು ಅಜ್ಜಿಗೆ ಸುಳ್ಳು ಹೇಳಿ, ಗುಟ್ಟಾಗಿ ಬಂದು ಕಂಬದ ಹಿಂದೆ ನಿಂತಿದ್ದ. ಅಷ್ಟರಲ್ಲಿ ಶಾಮಿಯಾನದ ಸಾಬರು ಓಡಿಬಂದು ನನ್ನ ಭುಜ ಮುಟ್ಟಿದರು.

"ಕ್ಯಾ ಮೇಷ್ಟ್ರೇ, ಗೇಟಿನ ಹತ್ರ ಹನ್ನೊಂದು ಕರಡಿ ಬಂದು ನಿಂತೈತೆ. ಬ್ಯಾಂಡ್ ಸೆಟ್ಟಿನೋರಾ? ಇವ್ರಿಗೆ ಊಟ ಮೊದಲನೇ ಪಂಕ್ತೀಲಾ, ಕೊನೇದ್ರಲ್ಲಾ?"

ಭಾವನೂ ನಾನೂ ಹೋಗಿ ನೋಡಿದರೆ ಹನ್ನೊಂದು ಮಂದಿ ಹುಡುಗ ಹುಡುಗಿಯರು. ಮುಖಕ್ಕೆ ಕರಡಿಯ ಮುಖವಾಡ, ಮೈಗೆ ಕಂದು ಕಂಬಳಿಯಂಥದು, ಕೈಯಲ್ಲಿ ರಟ್ಟಿನ ಗದೆ. ಶಿರಾದ ಬಿಸಿಲಿಗೆ ಎಲ್ಲರೂ ಬೆಂದುಹೋಗಿದ್ದರು. ಮುಂದಿದ್ದ ಹುಡುಗಿ ಮುಖವಾಡ ಎತ್ತಿ, "ನಾನು ರಾಧಾಮಣಿ, ಹಿರಿಯೂರು. ರಕ್ಷಾ ಅವರ ತಂಡ. ಕದರಪ್ಪ ಅಂಕಲ್ ಕರೆದಿದ್ರಲ್ಲ," ಎಂದಳು.

ಭಾವ ಒಬ್ಬೊಬ್ಬರನ್ನೂ ತಬ್ಬಿಕೊಂಡರು. "ಹಿರಿಯೂರಾಗೂ ಇದೀವಾ ನಾವು? ಬನ್ರಮ್ಮ, ಬನ್ರಪ್ಪ. ನಿಮ್ಮಪ್ಪಂದೂ ಕರಡಿ ಬೆಡಗೇನಾ?"

"ಬೆಡಗು ಅಂದ್ರೇನು ಅಂಕಲ್?" ಎಂದಳು ರಾಧಾಮಣಿ.

ಭಾವನ ಕೈ ಹಾಗೇ ನಿಂತಿತು. ಹನ್ನೊಂದು ಮುಖವಾಡವನ್ನೂ ಒಂದೊಂದಾಗಿ ನೋಡಿದರು. ಒಂದು ತಿಂಗಳಲ್ಲಿ ಮೊದಲ ಸಲ ಅವರ ದನಿ ಇಳಿಯಿತು.

"ರೇಣುಕ, ಹಂಗಾದ್ರೆ ಇದು ಆಟಾನಾ?"

"ಆಟ ಭಾವ."

"ಮೊದ್ಲೇ ಹೇಳ್ಬಾರ್ದೇನ್ಲಾ?"

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಒಳಗೆ ದೊಡ್ಡರಂಗಪ್ಪನವರು ಆಗಲೇ ಕೂಗಲು ಶುರುಮಾಡಿದ್ದರು. ಹೊರಟುಹೋಗೋಣ ಎಂದೆ. ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಕೂಗಿ ಅಂತ ನಾನೇ ಕೇಳಿರಾದು. ಕೂಗ್ದಾಗ ಇಲ್ದಿದ್ರೆ ಹೆಂಗೆ?" ಎಂದು ಒಳಗೆ ನಡೆದರು.

ಆನೆಯೋರ ವೀಳ್ಯವಾಯಿತು. ನವಿಲೋರದಾಯಿತು. ಹದಿನೆಂಟೂ ಮುಗಿದು ಜನ ಊಟಕ್ಕೆ ಏಳಬೇಕು, ಆಗ ದೊಡ್ಡರಂಗಪ್ಪನವರು ಕೈ ಎತ್ತಿ ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡು ಕೂಗಿದರು.

"ಕರಡಿಯೋರು ಇದ್ದೀರೇನ್ರಪ್ಪಾ?"

ನಮ್ಮ ಭಾವ ಆನೆಯೋರ ಸಾಲಿನ ಹಿಂದಿನಿಂದ ಎದ್ದು ನಿಂತರು. ತನ್ನ ಜೊತೆಗೆ ಯಾರೂ ಇಲ್ಲವೆಂದು ಚೆನ್ನಾಗಿ ತಿಳಿದೇ ನಿಂತರು. ನನಗೆ ಆ ಮನುಷ್ಯನ ಮೇಲೆ ಹೆಮ್ಮೆಯಾಯಿತು. ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ರಕ್ಷಾ ಹೋಗಿ ಅಪ್ಪನ ಪಕ್ಕ ನಿಂತಳು. ಬಾಗಿಲ ಹತ್ತಿರ ಹನ್ನೊಂದು ಮಂದಿ ಮುಖದ ಮೇಲೆ ಮುಖವಾಡ ಇಳಿಸಿಕೊಂಡು, ಗದೆ ಎತ್ತಿ ಹಿಡಿದು ಸಾಲಾಗಿ ನಿಂತರು.

ಮಂಟಪಕ್ಕೆ ಮಂಟಪವೇ ನಕ್ಕಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ನಕ್ಕರು. ಹಿಂದಿನಿಂದ ಯಾರೋ, "ಎಲ್ಲಿ, ಒಂದ್ಸಲ ಕುಣೀರಪ್ಪ ನೋಡಾಣ," ಎಂದರು. ನಗು ಇಮ್ಮಡಿಯಾಯಿತು. ಭಾವನೂ ಕೂರಲಿಲ್ಲ, ಮಕ್ಕಳೂ ಕೂರಲಿಲ್ಲ.

"ಮುಖವಾಡ ಲೆಕ್ಕಕ್ಕಿಲ್ಲ," ಎಂದರು ದೊಡ್ಡರಂಗಪ್ಪ. "ಒಂದು ಮನೆ ಆಯ್ತು. ಇನ್ನ ಯಾರಾದ್ರೂ ಇದ್ದೀರಾ?"

ಆಗ ಹೆಂಗಸರ ಕಡೆಯಿಂದ ಕೋಲು ಕುಟ್ಟಿದ ಸದ್ದಾಯಿತು. ಚಿಕ್ಕಹನುಮಕ್ಕನವರು ಎದ್ದು ನಿಂತಿದ್ದರು.

"ನಗಬ್ಯಾಡ್ರಿ," ಎಂದರು. "ಮದ್ವೆಯಾಗಿ ಸೇರಿದ್ದು ಆನೆ. ಹುಟ್ಟಿದ್ದು ನಾನು ಕರಡಿ."

ಕಂಬದ ಹಿಂದಿನಿಂದ ಚೇತನ್ ಈಚೆಗೆ ಬಂದ. ಅಜ್ಜಿ ಅವನ ಕಡೆ ನೋಡಲಿಲ್ಲ.

"ನಂಗೆ ಆಗ ಒಂಬತ್ತು ವರ್ಷ. ಇಂಗೇ ಒಂದು ಪೆಂಡ್ಲಿ. ಕರಡಿಯೋರು ಅಂತ ಕೂಗಿದ್ರು. ಮಾ ನಾಯನ, ನಮ್ಮಪ್ಪ, ಎದ್ದ. ಯಾರೋ ಇಂಗೇ ಹಿಂದ್ಲಿಂದ ಕುಣಿ ಅಂದ್ರು. ಎಲ್ರೂ ನಕ್ರು. ನಮ್ಮಪ್ಪ ವೀಳ್ಯ ತಗಳ್ದೆ ಕೂತ್ಬುಟ್ಟ. ಆಮ್ಯಾಕೆ ಎಂದೂ ಏಳ್ಲಿಲ್ಲ. ಇನ್ನೊಬ್ರ ಹಿಂದೆ ಕೂತ್ಕಳಿ, ಕರಡಿ ಅಂತ ಬಾಯಿ ಬುಡ್ಬ್ಯಾಡಿ ಅಂತ ನಮ್ಗೆ ಹೇಳಿ ಸತ್ತ. ನಾನೂ ಬಾಯಿ ಬುಡ್ಲಿಲ್ಲ. ಎಪ್ಪತ್ತು ವರ್ಷ ಯಾರೂ ಇಲ್ಲ ಅಂತ ಹೇಳ್ಕೊಂಡು ಬಂದೆ." ಅಜ್ಜಿ ಕೋಲೆತ್ತಿ ಬಾಗಿಲ ಕಡೆ ತೋರಿಸಿದರು. "ಈ ಪಿಲ್ಲಲು, ಈ ಮಕ್ಕಳು, ನಮ್ಮೋರಲ್ಲ. ಬೆಡಗು ಅಂದ್ರೇನೂ ಗೊತ್ತಿರಾಕಿಲ್ಲ. ಆದ್ರೂ ನೀವು ನಗ್ತಿದ್ರೂ ನಿಂತವ್ರೆ. ನಾವ್ಯಾಕೆ ಕೂತಿರಾದು? ಲೇ ನರಸಿಂಹರಾಜು, ಲೆಯ್ರಾ. ಅಂಜನ್ ಕುಮಾರ, ನೀನೂ ಏಳ್ಲಾ."

ಇಬ್ಬರೂ ಅಜ್ಜಿಯ ಅಣ್ಣತಮ್ಮಂದಿರ ಮಕ್ಕಳಂತೆ. ಆದರೆ ಎದ್ದದ್ದು ನಮ್ಮ ಸಾಲಿನಿಂದ. ನರಸಿಂಹರಾಜು ಹದಿನಾರು ವರ್ಷದಿಂದ ನಮ್ಮ ನವಿಲೋರ ಸಂಘದ ಕಾರ್ಯದರ್ಶಿ. ನಮ್ಮ ಬೆಡಗಿನ ಹಿರಿಮೆಯ ಬಗ್ಗೆ ಅವನಷ್ಟು ಚೆನ್ನಾಗಿ ಮಾತಾಡುವವರು ನಮ್ಮಲ್ಲಿ ಯಾರೂ ಇಲ್ಲ. ಅವನು ನನಗೆ ಕೈ ಮುಗಿದು, "ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ನಾನು ಕರಡಿ," ಎಂದು ಹೋಗಿ ಭಾವನ ಪಕ್ಕ ನಿಂತ.

ಅಲ್ಲಿಗೆ ಮೂರು ಮನೆ. ದೊಡ್ಡರಂಗಪ್ಪನವರು ತಟ್ಟೆಗೆ ಕೈ ಹಾಕಿದರು. ಆದರೆ ಉಡದೋರ ಹಿಂದಿನಿಂದ ಒಬ್ಬ ಮುದುಕ ಮಂಡಿ ಹಿಡಿದುಕೊಂಡು ಎದ್ದ. ಬೇವಿನೋರ ಹಿಂದಿನಿಂದ ಅಪ್ಪ ಮಗ ಇಬ್ಬರು ಎದ್ದರು. ಅಡುಗೆ ಮನೆಯ ಬಾಗಿಲಲ್ಲಿ ನಗುತ್ತಿದ್ದ ಒಬ್ಬ ಸೌಟು ಕೆಳಗಿಟ್ಟು ಬಂದ. ಒಬ್ಬರ ಮುಖ ಒಬ್ಬರು ನೋಡಿ, "ನೀನೂನಾ?" "ನೀನೂ ಏನ್ಲಾ?" ಎಂದು ಕೇಳಿಕೊಂಡರು. ಮೂವತ್ತು ವರ್ಷದಿಂದ ಬರೀ ಸ್ನೇಹಿತರಾಗಿದ್ದ ಇಬ್ಬರು ಆವತ್ತು ಅಣ್ಣತಮ್ಮಂದಿರಾದರು. ಎಣಿಸಿದಾಗ ಹನ್ನೆರಡು ಮನೆ. ತಟ್ಟೆಯಲ್ಲಿದ್ದ ಎಲೆ ಹದಿನೆಂಟು ಬೆಡಗಿಗೇ ಮುಗಿದಿದ್ದರಿಂದ ದೊಡ್ಡರಂಗಪ್ಪನವರು ತಮ್ಮ ಪಾಲಿನದನ್ನೇ ಎತ್ತಿ ಭಾವನ ಕೈಗಿಟ್ಟರು. ಭಾವ ಅದನ್ನು ಹರಿಯಲಿಲ್ಲ, ಬಾಯಿಗೂ ಹಾಕಲಿಲ್ಲ, ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾ ನಿಂತರು.

ಮಾತು ಅಲ್ಲೇ ಮುಗಿಸಿಬಿಡೋಣ ಎಂದು ಅಜ್ಜಿ ರಕ್ಷಾಳನ್ನೂ ಚೇತನನನ್ನೂ ಸಭೆಯ ಮಧ್ಯಕ್ಕೆ ಕರೆಸಿದರು. ತವರಿನ ಬೆಡಗಿನ ಹೆಣ್ಣು ಮೊಮ್ಮಗನಿಗೆ ಬರುವುದೆಂದರೆ ನಮ್ಮಲ್ಲಿ ಅದಕ್ಕಿಂತ ಮರ್ಯಾದೆಯ ಸಂಬಂಧವಿಲ್ಲ. ಅಕ್ಕ ನನ್ನ ಕಿವಿಯಲ್ಲಿ, "ಇಷ್ಟೆಲ್ಲಾ ಒದ್ದಾಡಿ ಕರಡಿ ಆದ್ವಿ. ಮದ್ವೆ ಆದ್ಮೇಲೆ ಇವ್ಳು ಆನೆ ಆಗ್ತಾಳಲ್ಲೋ," ಎಂದು ಕಣ್ಣೊರೆಸಿಕೊಂಡು ನಕ್ಕಳು.

ದೊಡ್ಡರಂಗಪ್ಪನವರು ಪದ್ಧತಿಯ ಪ್ರಕಾರ ಕೇಳಿದರು, "ಹೆಣ್ಣು ಯಾರ ಮನೇದು?" ಇದನ್ನು ಮೂರು ಸಲ ಕೇಳಬೇಕು, ಹೆಣ್ಣಿನ ತಂದೆ ಉತ್ತರ ಹೇಳಬೇಕು. ಭಾವ ಬಾಯಿ ತೆರೆದರು. ಒಂದು ತಿಂಗಳಿಂದ ಬಸ್ಸಿನವರಿಗೆ, ಗುಮಾಸ್ತರಿಗೆ, ಪೊಲೀಸರಿಗೆ, ಊರ ಹೆಂಗಸರಿಗೆ ಹೇಳಿದ ಆ ಒಂದು ಮಾತು ಹೊರಡಲಿಲ್ಲ. ಎರಡನೆಯ ಸಲ ಕೇಳಿದರು. ಭಾವನ ಕೆನ್ನೆ ಒದ್ದೆಯಾಯಿತು. ಮೂರನೆಯ ಸಲ ಕೇಳಿದಾಗ ಹನ್ನೆರಡು ಮನೆಯವರು, ಹನ್ನೊಂದು ಮುಖವಾಡದವರು, ಕೋಲೂರಿ ನಿಂತ ಚಿಕ್ಕಹನುಮಕ್ಕನವರು ಒಟ್ಟಿಗೆ ಕೂಗಿದರು: "ಕರಡಿಯೋರ್ದು."

ಅವರ ಜೊತೆ ನಾನೂ ಕೂಗಿದ್ದೇನೆಂದು ಆಮೇಲೆ ನಮ್ಮ ನವಿಲೋರ ಸಂಘದಲ್ಲಿ ಬಿಸಿಬಿಸಿ ಆಕ್ಷೇಪಣೆ ಬಂತು. ಬರೆದುಕೊಳ್ಳಲು ಕಾರ್ಯದರ್ಶಿ ಇಲ್ಲದ ಕಾರಣ ಅದು ದಾಖಲಾಗಲಿಲ್ಲ.